26 ನಿಮಿಷದ ಜಮಾಖರ್ಚು

ಬ್ರಿಟನ್ ಸರ್ಕಾರ 2025ರ ಜೂನ್‌ನಲ್ಲಿ ಒಂದು ಅಂಕಿಯನ್ನು ಹೊರಬಿಟ್ಟಿತು: 26 ನಿಮಿಷ. ಮೈಕ್ರೋಸಾಫ್ಟ್ 365 ಕೋಪೈಲಟ್ ಕೈಗೆ ಸಿಕ್ಕ 20,000 ಸರ್ಕಾರಿ ನೌಕರರಿಗೆ ದಿನಕ್ಕೆ ಸರಾಸರಿ ಅಷ್ಟು ಸಮಯ ಉಳಿಯಿತಂತೆ. ವರ್ಷದ ಲೆಕ್ಕಕ್ಕೆ ಹೆಚ್ಚುಕಡಿಮೆ ಎರಡು ವಾರ. ಅಲ್ಲಿಂದಾಚೆಗೆ ಆ ಅಂಕಿ ಸಮ್ಮೇಳನಗಳನ್ನು, ಮಾರಾಟದ ಸ್ಲೈಡುಗಳನ್ನು ಸುತ್ತುತ್ತಲೇ ಇದೆ, ಯಾರೋ ಗಡಿಯಾರ ಹಿಡಿದು ಪಕ್ಕದಲ್ಲೇ ಕೂತು ಅಳೆದರು ಎಂಬ ಧಾಟಿಯಲ್ಲಿ. ನಡೆದದ್ದು ಇಷ್ಟು: 2024ರ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಮುಗಿಯುವ ತನಕ ಉಪಕರಣ ಕೊಟ್ಟರು, ಎಷ್ಟು ಸಮಯ ಉಳಿಯಿತು ಎಂದು ನೌಕರರನ್ನೇ ಕೇಳಿದರು, ಅವರು ಹೇಳಿದ್ದನ್ನು ಬರೆದುಕೊಂಡರು.

ಇಷ್ಟು ತೆಳುವಾದ ಬುಡದ ಮೇಲೆ ಇಷ್ಟು ದೊಡ್ಡ ಕೀರ್ತಿ ನಿಂತಿದೆ.

ಕೋಪೈಲಟ್ ಏನು, ಎತ್ತ ಎಂಬ ಪರಿಚಯ ಬೇಡ. ಬಹುತೇಕ ಓದುಗರ ವರ್ಡ್, ಔಟ್‌ಲುಕ್ ಪರದೆಯಲ್ಲಿ ಅದರ ಬಣ್ಣಬಣ್ಣದ ಗುರುತು ಕರೆಯದೆಯೇ ಬಂದು ಕೂತಾಗಿದೆ. 2023ರ ಮಾರ್ಚ್‌ನಲ್ಲಿ ಘೋಷಣೆಯಾಗಿ, ನವೆಂಬರ್‌ನಲ್ಲಿ ದೊಡ್ಡ ಕಂಪನಿಗಳಿಗೆ ಮಾರಾಟಕ್ಕೆ ಬಂದಾಗ ಬೆಲೆ ತಲೆಗೆ ತಿಂಗಳಿಗೆ 30 ಡಾಲರ್. ಆ ಬೆಲೆಯನ್ನು ಸಮರ್ಥಿಸಲು ಉಳಿಸಿದ ನಿಮಿಷಗಳ ಲೆಕ್ಕ ಬೇಕೇ ಬೇಕಿತ್ತು.

ಅದೇ ಬ್ರಿಟನ್ನಿನ ವ್ಯಾಪಾರ ಇಲಾಖೆ ತನ್ನ ನೌಕರರಿಗೆ 1,000 ಲೈಸೆನ್ಸ್ ಕೊಟ್ಟು ಬೇರೆಯಾಗಿ ಪರೀಕ್ಷೆ ಮಾಡಿತ್ತು. ಕೇಳಿ ಬರೆದುಕೊಳ್ಳುವುದರ ಜೊತೆಗೆ ಕೆಲವು ಕೆಲಸಗಳನ್ನು ಎದುರಿಗೇ ಮಾಡಿಸಿ ನೋಡಿತು. ಎಕ್ಸೆಲ್‌ನಲ್ಲಿ ಅಂಕಿಅಂಶ ವಿಶ್ಲೇಷಿಸುವಾಗ ಕೋಪೈಲಟ್ ಬಳಸಿದವರು ಬಳಸದವರಿಗಿಂತ ನಿಧಾನವಾದರು, ಗುಣಮಟ್ಟವೂ ಇಳಿಯಿತು. ಪವರ್‌ಪಾಯಿಂಟ್ ಸ್ಲೈಡುಗಳು ಸರಾಸರಿ ಏಳು ನಿಮಿಷ ಬೇಗ ತಯಾರಾದವು, ಆದರೆ ತಿದ್ದುಪಡಿ ಬೇಡುವ ಹಾಗೆ ತಯಾರಾದವು. ಉಳಿದ ಸಮಯ ಇಲಾಖೆಯ ಉತ್ಪಾದಕತೆಯನ್ನು ಹೆಚ್ಚಿಸಿತು ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ ಎಂದು ವರದಿ ಹೇಳಿತು. ಬಳಸಿದವರಲ್ಲಿ ಶೇ 72 ಮಂದಿಗೆ ಉಪಕರಣ ಇಷ್ಟವಾಗಿತ್ತು ಎಂಬುದೂ ಅದೇ ವರದಿಯಲ್ಲಿದೆ. ಉಳಿದ ಸಮಯದಲ್ಲಿ ತರಬೇತಿಗೆ ಹೋದವರು, ಮಧ್ಯಾಹ್ನ ಒಂದು ಸುತ್ತು ನಡೆದು ಬಂದವರೂ ಇದ್ದರಂತೆ. ಇಡೀ ಪ್ರಯೋಗದ ಅತ್ಯಂತ ಒಳ್ಳೆಯ ಫಲ ಬಹುಶಃ ಆ ನಡಿಗೆಯೇ.

ಆದರೂ ಕೋಪೈಲಟ್‌ನ ಹೊಗಳುಭಟರು ಕೊನೆಗೆ ಬಂದು ನಿಲ್ಲುವುದು ಮೀಟಿಂಗ್ ಸಾರಾಂಶದ ಮುಂದೆ. ಎಕ್ಸೆಲ್ ಬಿಡಿ, ಸ್ಲೈಡು ಬಿಡಿ, ಮೀಟಿಂಗ್ ತಪ್ಪಿಸಿಕೊಂಡರೂ ಐದು ಸಾಲಿನಲ್ಲಿ ಎಲ್ಲವೂ ಕೈಗೆ ಬರುತ್ತದಲ್ಲ, ಅದನ್ನೇನು ಅನ್ನುತ್ತೀರಿ? ಅವರ ಅತ್ಯುತ್ತಮ ವಾದ ಇದೇ ಆದ್ದರಿಂದ ಇದನ್ನೇ ಹತ್ತಿರದಿಂದ ನೋಡಬೇಕು.

ಮೈಕ್ರೋಸಾಫ್ಟ್ 2023ರ ನವೆಂಬರ್‌ನಲ್ಲಿ ತಾನೇ ಪ್ರಕಟಿಸಿದ ಅಧ್ಯಯನದಲ್ಲಿ ಈ ಪ್ರಯೋಗವಿದೆ. 35 ನಿಮಿಷದ ಒಂದು ಮೀಟಿಂಗ್ ನಿಮಗೆ ತಪ್ಪಿಹೋಗಿದೆ. ಅಲ್ಲಿ ನಡೆದದ್ದನ್ನು ಬರೆದು ಕೊಡಿ. ಕೋಪೈಲಟ್ ಇಲ್ಲದವರು ರೆಕಾರ್ಡಿಂಗ್ ನೋಡಿ ಬರೆದರು: ಸುಮಾರು 43 ನಿಮಿಷ. ಇದ್ದವರು ಸುಮಾರು 11 ನಿಮಿಷದಲ್ಲಿ ಮುಗಿಸಿದರು. ಹೆಚ್ಚುಕಡಿಮೆ ನಾಲ್ಕು ಪಟ್ಟು ವೇಗ, ತಲೆಬರಹ ಸಿದ್ಧ. ಕೆಳಗೆ ಇನ್ನೊಂದು ಅಂಕಿ ಇದೆ, ಅದನ್ನು ಯಾರೂ ತಲೆಬರಹ ಮಾಡಲಿಲ್ಲ. ಬರಹದಲ್ಲಿ ಬರಲೇಬೇಕಾದ 15 ಸಂಗತಿಗಳ ಪೈಕಿ ರೆಕಾರ್ಡಿಂಗ್ ನೋಡಿದವರು ಸರಾಸರಿ 12.4 ಹಿಡಿದರು, ಕೋಪೈಲಟ್ ಹಿಡಿದವರು 11.1. ಕಂಪನಿ ಇದನ್ನು ಮುಚ್ಚಿಡಲಿಲ್ಲ, ಆ ಪ್ರಾಮಾಣಿಕತೆಗೆ ಒಂದು ಮೆಚ್ಚುಗೆ. ಒಂದೂಕಾಲು ಸಂಗತಿ ತಪ್ಪಿದರೆ ಏನಾಯಿತು, 32 ನಿಮಿಷ ಉಳಿಯಿತಲ್ಲ ಎಂದು ಓದುಗ ತಾನೇ ಸಮಾಧಾನ ಮಾಡಿಕೊಳ್ಳುತ್ತಾನೆ ಎಂಬ ನಂಬಿಕೆಯೂ ಅದರ ಹಿಂದೆ ಇದ್ದೀತು.

ತಪ್ಪಿದ್ದು ಎಷ್ಟು ಎಂಬುದಕ್ಕಿಂತ ಯಾವುದು ಎಂಬುದೇ ಇಲ್ಲಿ ಮುಖ್ಯ. ಯಾವ ಕಚೇರಿಯ ಮೀಟಿಂಗನ್ನಾದರೂ ತೆಗೆದುಕೊಳ್ಳಿ. ಹೊಸ ಜಾಹೀರಾತಿನ ಬಣ್ಣದ ಬಗ್ಗೆ ಇಪ್ಪತ್ತು ನಿಮಿಷ ಜಗ್ಗಾಟ ನಡೆಯುತ್ತದೆ. ನಡುವೆ ಲೆಕ್ಕಪತ್ರ ವಿಭಾಗದವರು ಒಂದೇ ಒಂದು ಸಲ, ತಗ್ಗಿದ ದನಿಯಲ್ಲಿ, ಈ ದುಡ್ಡು ಮಾರ್ಚ್ ಒಳಗೆ ಖರ್ಚಾಗದಿದ್ದರೆ ವಾಪಸ್ ಹೋಗುತ್ತೆ ಅನ್ನುತ್ತಾರೆ. ಯಾರೂ ಮಾತು ಮುಂದುವರಿಸುವುದಿಲ್ಲ, ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ, ಚರ್ಚೆ ಮತ್ತೆ ಬಣ್ಣಕ್ಕೆ ಮರಳುತ್ತದೆ. ಕೋಣೆಯಲ್ಲಿ ಕೂತವರಿಗೆಲ್ಲ ಆ ದಿನದ ನಿಜವಾದ ಸುದ್ದಿ ಯಾವುದೆಂದು ಗೊತ್ತು. ಕೇವಲ ಮಾತಿನ ಬರಹರೂಪ ಓದುವ ಯಂತ್ರಕ್ಕೆ ಕನ್ನಡಕ ಕಾಣುವುದಿಲ್ಲ. ಅದಕ್ಕೆ ಸಿಗುವುದು ಬಣ್ಣದ ಬಗ್ಗೆ ನೂರು ಸಾಲು, ದುಡ್ಡಿನ ಬಗ್ಗೆ ಒಂದು ಸಾಲು. ಆ ಒಂದು ಸಾಲು ಸಾರಾಂಶದಲ್ಲಿ ಉಳಿದೀತು, ಉಳಿಯದೆಯೂ ಇದ್ದೀತು. ಉಳಿದರೂ ಉಳಿದ ನಾಲ್ಕು ಬುಲೆಟ್‌ಗಳ ಜೊತೆ ಒಂದೇ ಎತ್ತರದಲ್ಲಿ, ಒಂದೇ ಅಕ್ಷರದಲ್ಲಿ ನಿಂತಿರುತ್ತದೆ.

ಇನ್ನೂ ಒಂದು ತೊಡಕು. ತಪ್ಪಿದ ಮೀಟಿಂಗಿನ ರೆಕಾರ್ಡಿಂಗನ್ನು ಪೂರ್ತಿ ಕೂತು ನೋಡುವ ನೌಕರರು ಪ್ರಯೋಗಾಲಯದ ಹೊರಗೆ ಎಷ್ಟು ಮಂದಿ ಸಿಕ್ಕಾರು? ಬಹುತೇಕ ಕಚೇರಿಗಳಲ್ಲಿ ಜನ ಮಾಡುವುದು ಒಂದೇ: ಟೀ ಹೊತ್ತಿಗೆ ಸಹೋದ್ಯೋಗಿಯ ಮೇಜಿನ ಹತ್ತಿರ ಹೋಗಿ ಏನಾಯ್ತು ಮಾರಾಯ್ರೇ ಎಂದು ಕೇಳುವುದು. ಎರಡು ನಿಮಿಷದಲ್ಲಿ ಮಾರ್ಚ್ ವಿಷಯವೂ ಸಿಗುತ್ತದೆ, ಅಧ್ಯಕ್ಷರು ಯಾಕೆ ಸುಮ್ಮನಾದರು ಎಂಬುದೂ ಸಿಗುತ್ತದೆ, ಬೇಡದ ಎರಡು ಚಾಡಿಯೂ ಸಿಗುತ್ತದೆ. ಕೋಪೈಲಟ್‌ನ ನಿಜವಾದ ಎದುರಾಳಿ ಈ ಸಹೋದ್ಯೋಗಿ. ಪ್ರಯೋಗ ಅವರನ್ನು ಕಣಕ್ಕೇ ಇಳಿಸಲಿಲ್ಲ, ರೆಕಾರ್ಡಿಂಗ್ ಎಂಬ ಸೋಮಾರಿ ಎದುರಾಳಿಯನ್ನು ನಿಲ್ಲಿಸಿ ನಾಲ್ಕು ಪಟ್ಟು ವೇಗದಲ್ಲಿ ಗೆದ್ದಿತು.

ಹೊಗಳುಭಟರ ಪಾಡು ಇದಾದರೆ ಬೈಯುವವರ ಪಾಡು ಇನ್ನೊಂದು. ನಮ್ಮ ಅಂಕಣಕಾರರಲ್ಲಿ ಅನೇಕರಿಗೆ ಎಐ ಎಂದರೆ ಸುಳ್ಳು ಹುಟ್ಟಿಸುವ ಯಂತ್ರ, ಅಲ್ಲಿಗೆ ವಿಮರ್ಶೆ ಮುಗಿಯಿತು. ಉದಾಹರಣೆಗಳಿಗೇನೂ ಬರವಿಲ್ಲ. ಡೆಲಾಯ್ಟ್ ಸಂಸ್ಥೆ ಆಸ್ಟ್ರೇಲಿಯಾ ಸರ್ಕಾರಕ್ಕೆ ಸುಮಾರು 4.4 ಲಕ್ಷ ಆಸ್ಟ್ರೇಲಿಯನ್ ಡಾಲರ್‌ಗೆ ಬರೆದುಕೊಟ್ಟ ವರದಿಯಲ್ಲಿ ಇಲ್ಲದ ಸಂಶೋಧನೆಗಳ ಉಲ್ಲೇಖ ಸಿಕ್ಕಿ, 2025ರಲ್ಲಿ ಹಣದ ಒಂದು ಭಾಗವನ್ನು ವಾಪಸ್ ಮಾಡಬೇಕಾಯಿತು. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2024ರ ಡಿಸೆಂಬರ್‌ನಲ್ಲಿ ಕೊಟ್ಟ ಒಂದು ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಕಾಣಿಸಿ ಆದೇಶವೇ ಹಿಂದಕ್ಕೆ ಹೋಯಿತು. ಎಐ ಕೈವಾಡದ ಗುಮಾನಿ ಎದ್ದಿತು. ಇವು ಗಂಭೀರ ಪ್ರಕರಣಗಳೇ. ಆದರೆ ಇವು ಸಿಕ್ಕಿಬಿದ್ದದ್ದೇಕೆ? ತೀರ್ಪು ಇದೆಯೋ ಇಲ್ಲವೋ ಎಂದು ಹುಡುಕಿ ನೋಡಬಹುದು, ಅದಕ್ಕೆ. ತಪ್ಪೇ ಇಲ್ಲದ, ಬೇಕೂ ಇಲ್ಲದ ನಾಲ್ಕು ಪುಟದ ಟಿಪ್ಪಣಿಯನ್ನು ಹಾಗೆ ಹಿಡಿಯಲಾಗದು. ಬರೆದವರಿಗೆ ಅರ್ಧ ಗಂಟೆ ಉಳಿಯಿತು, ಓದುವ ಎಂಟು ಮಂದಿಗೆ ತಲಾ ಹತ್ತು ನಿಮಿಷ ಹೋಯಿತು. ಸಮೀಕ್ಷೆ ನಡೆಯುವುದು ಬರೆದವರ ಮೇಜಿನಲ್ಲಿ.

ಇದನ್ನು ಗುರುತಿಸಿದವರು ಇಲ್ಲವೆಂದಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬಂದ ‘ವರ್ಕ್‌ಸ್ಲಾಪ್’ ಲೇಖನ ಇದೇ ನೋವಿನದು: ಎಐ ಬರೆಸಿದ ಹೊಟ್ಟುಬರಹ ಕೈಗೆ ಬಂದಾಗ ಅದನ್ನು ಸರಿಪಡಿಸಲು ಪ್ರತಿಸಲ ಸುಮಾರು ಎರಡು ಗಂಟೆ ಹಾಳಾಗುತ್ತದಂತೆ. ವಿರೋಧಿಗಳು ಹಬ್ಬ ಮಾಡಿದರು. ಆ ಎರಡು ಗಂಟೆಯೂ ನೌಕರರು ಬಾಯಲ್ಲಿ ಹೇಳಿದ್ದೇ! 26 ನಿಮಿಷವನ್ನು ಬಾಯಿಮಾತು ಎಂದು ತಳ್ಳಿಹಾಕಿದವರು ಎರಡು ಗಂಟೆಯನ್ನು ವೇದವಾಕ್ಯ ಮಾಡಿಕೊಂಡರೆ ಅದು ವಿಮರ್ಶೆಯಲ್ಲ, ಪಕ್ಷಪಾತ. ಡೆನ್ಮಾರ್ಕ್‌ನ ಒಂದು ಅಧ್ಯಯನ ಇವೆರಡಕ್ಕಿಂತ ಗಟ್ಟಿ. ಅರ್ಥಶಾಸ್ತ್ರಜ್ಞರಾದ ಆ್ಯಂಡರ್ಸ್ ಹುಮ್ಲುಮ್ ಮತ್ತು ಎಮಿಲಿ ವೆಸ್ಟರ್‌ಗಾರ್ಡ್ 25,000 ನೌಕರರ ಉತ್ತರಗಳ ಪಕ್ಕದಲ್ಲಿ ಸರ್ಕಾರಿ ದಾಖಲೆಯ ಸಂಬಳ ಮತ್ತು ಕೆಲಸದ ಗಂಟೆಗಳನ್ನು ಇಟ್ಟು ನೋಡಿದರು. ಚಾಟ್‌ಬಾಟ್‌ಗಳಿಂದ ಉಳಿದ ಸಮಯ ಸರಾಸರಿ ಶೇ 3ರ ಆಸುಪಾಸು, ಎಂಟು ಗಂಟೆಯ ದಿನಕ್ಕೆ ಸುಮಾರು 14 ನಿಮಿಷ; ದಾಖಲೆಯ ಗಂಟೆಗಳಲ್ಲಾಗಲಿ ಸಂಬಳದಲ್ಲಾಗಲಿ ಗಮನಾರ್ಹ ಬದಲಾವಣೆ ಇಲ್ಲ.

ಎಕ್ಸೆಲ್ ಬಗ್ಗೆ ಒಂದೇ ಮಾತು ಸಾಕು. 2025ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಕೋಪೈಲಟ್ ಅನ್ನು ಎಕ್ಸೆಲ್‌ನ ಒಂದು ಸೂತ್ರವಾಗಿಯೇ ಸೇರಿಸಿತು. ಅದರ ಸಹಾಯಪುಟದಲ್ಲಿ, ಸಂಖ್ಯೆಯ ಲೆಕ್ಕಕ್ಕೆ ಮತ್ತು ನಿಖರತೆ ಬೇಕಾದ ಕೆಲಸಕ್ಕೆ ಇದನ್ನು ಬಳಸಬೇಡಿ ಎಂಬ ಎಚ್ಚರಿಕೆ ಇತ್ತು.

ನ್ಯಾಯವಾಗಿ ಸಲ್ಲಬೇಕಾದ್ದನ್ನು ಸಲ್ಲಿಸಬೇಕು. ಬ್ರಿಟನ್ನಿನ ವ್ಯಾಪಾರ ಇಲಾಖೆಯ ವರದಿಯಲ್ಲಿ ಇಂಗ್ಲಿಷ್ ಮನೆಮಾತಲ್ಲದವರಿಗೆ ಈ ಉಪಕರಣ ವಿಶೇಷವಾಗಿ ಹಿಡಿಸಿತ್ತು. ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಸನದಲ್ಲೋ ಕೊಪ್ಪಳದಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿ, ಕೆಲಸದಲ್ಲಿ ಯಾರಿಗೂ ಕಡಿಮೆಯಿಲ್ಲದ ಎಂಜಿನಿಯರ್, ಅಮೆರಿಕದ ಗ್ರಾಹಕನಿಗೆ ನಾಲ್ಕು ಸಾಲಿನ ಮೇಲ್ ಕಳಿಸುವ ಮುಂಚೆ ಆರು ಸಲ ಓದಿ, ಪಕ್ಕದವರಿಗೆ ತೋರಿಸಿ, ಆಮೇಲೂ ಅಳುಕುತ್ತಲೇ ಒತ್ತುತ್ತಿದ್ದ. ಅವನ ಅಳುಕು ಈಗ ಕಡಿಮೆಯಾಗಿದೆ. ನಿಮಿಷಗಳ ಪಟ್ಟಿಯಲ್ಲಿ ಇದಕ್ಕೆ ಅಂಕಣವಿಲ್ಲ, ಎಐಯನ್ನು ಹೀಗಳೆಯುವ ಇಂಗ್ಲಿಷ್ ವಿಮರ್ಶಕರಿಗೆ ಇದು ಹೊಳೆಯುವುದೂ ಇಲ್ಲ. ಕೋಪೈಲಟ್ ಪರವಾಗಿ ಪೂರ್ತಿ ಒಪ್ಪಬಹುದಾದ ವಾದ ಇದೊಂದೇ.

ಕನ್ನಡದ ಕಡತದ ಮುಂದೆ ಮಾತ್ರ ಕಥೆ ಬೇರೆ. ಸರ್ಕಾರಿ ಕಚೇರಿಗಳ ಹಳೆಯ ವರ್ಡ್ ಕಡತಗಳಲ್ಲಿ ಬಹಳಷ್ಟು ‘ನುಡಿ 01 ಇ’ಯಂಥ ಯೂನಿಕೋಡ್ ಪೂರ್ವದ ಫಾಂಟ್‌ನಲ್ಲಿವೆ. ಪರದೆಯ ಮೇಲೆ ಚಂದದ ಕನ್ನಡ, ಒಳಗೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ಗೆ ಪರಿವರ್ತಿಸದೆ ಅವುಗಳ ಸಾರಾಂಶ ಕೇಳಿದರೆ ಯಂತ್ರ ಓದುವುದು ಆ ಕಲಸುಮೇಲೋಗರವನ್ನೇ.

2025ರ ಡಿಸೆಂಬರ್‌ನಲ್ಲಿ ಇನ್ಫೊಸಿಸ್, ವಿಪ್ರೊ, ಟಿಸಿಎಸ್, ಕಾಗ್ನಿಜೆಂಟ್ ತಲಾ 50,000ಕ್ಕೂ ಹೆಚ್ಚು ಕೋಪೈಲಟ್ ಲೈಸೆನ್ಸ್ ಹಂಚುವುದಾಗಿ ಘೋಷಣೆಯಾಯಿತು. 30 ಡಾಲರ್‌ನ ಪಟ್ಟಿ ಬೆಲೆಯಲ್ಲಿ ಹಿಡಿದರೆ ಒಂದು ಕಂಪನಿಗೆ ತಿಂಗಳಿಗೆ 15 ಲಕ್ಷ ಡಾಲರ್. ಇಷ್ಟು ದೊಡ್ಡ ಗಿರಾಕಿಗಳಿಗೆ ರಿಯಾಯಿತಿ ಇದ್ದೀತು. ಈ ಹಣಕ್ಕೆ ಸಮಯ ಉಳಿದಿದ್ದರೆ ಅದು ಎಲ್ಲಾದರೂ ಕಾಣಿಸಬೇಕು. ಲೈಸೆನ್ಸ್ ಬರುವ ಮುಂಚಿನ ಆರು ತಿಂಗಳು ಮತ್ತು ಬಂದ ನಂತರದ ಆರು ತಿಂಗಳು ನೌಕರರು ಎಷ್ಟು ಗಂಟೆ ಮೀಟಿಂಗಿನಲ್ಲಿ ಕೂತರು, ಎಷ್ಟು ಮೇಲ್ ಕಳಿಸಿದರು, ರಾತ್ರಿ ಎಂಟರ ಮೇಲೆ ಎಷ್ಟು ಕಳಿಸಿದರು ಎಂಬ ಲೆಕ್ಕವೆಲ್ಲ ಔಟ್‌ಲುಕ್‌ನಲ್ಲೇ ಕೂತಿರುತ್ತದೆ. ತೆಗೆದು ಅಚ್ಚು ಹಾಕಲಿ.