ಓಡಲಾರದ ರಾಜಕುಮಾರ

ತೀರಿಕೊಂಡ ತಮ್ಮನ ಹಳೆಯ ಸಿ.ಡಿ.ಯೊಂದರಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಸಿಕ್ಕಿತು. ಹೊಸ ಲ್ಯಾಪ್‌ಟಾಪಿಗೆ ಹಾಕಿಸಿದರೆ, ಈ ಕಂಪ್ಯೂಟರಿನಲ್ಲಿ ಇದು ನಡೆಯದು ಎಂಬ ಸೂಚನೆ. ‘ಫೈಲ್ ಕೆಟ್ಟಿದೆ ಮೇಡಂ’ ಎಂದ ಅಂಗಡಿಯ ಹುಡುಗ. ಕೆಟ್ಟಿರಲಿಲ್ಲ.

1990ರ ಆ ಡಾಸ್ ಆಟ 16 ಬಿಟ್ಟಿನದು. ಅಪ್ಪಣೆ ಕೇಳದೆ ಅಡುಗೆಮನೆಗೇ ನುಗ್ಗುವ ನೆಂಟರಂತೆ ಪರದೆ, ಕೀಲಿಮಣೆಗಳನ್ನು ನೇರವಾಗಿ ಮುಟ್ಟುವಂಥದು. 32 ಬಿಟ್ಟಿನ ವಿಂಡೋಸ್ ನಡುವೆ ಒಬ್ಬ ದುಭಾಷಿಯನ್ನು ಇಟ್ಟಿತ್ತು. 64 ಬಿಟ್ಟಿನಲ್ಲಿ ನಡೆಯುವಾಗ ಪ್ರೊಸೆಸರ್ ಆ ಹಳೆಯ ರೀತಿಗೆ ಇಳಿಯಲಾರದು; ಮೈಕ್ರೋಸಾಫ್ಟ್ ದುಭಾಷಿಯನ್ನೂ ಕೈಬಿಟ್ಟಿತು. 2021ರ ವಿಂಡೋಸ್ 11 ಬಂದದ್ದೇ 64 ಬಿಟ್ಟಿನಲ್ಲಿ ಮಾತ್ರ.

ಇದರಿಂದ ಕೈತಪ್ಪುವುದು ಸಣ್ಣದಲ್ಲ. ಜೋರ್ಡಾನ್ ಮೆಕ್ನರ್ 1985ರಲ್ಲಿ ತನ್ನ ತಮ್ಮನನ್ನೇ ಓಡಿಸಿ, ಜಿಗಿಸಿ, ವಿಡಿಯೋ ತೆಗೆದು, ಆ ಚಲನೆಯನ್ನು ಒಂದೊಂದು ಚಿತ್ರವಾಗಿ ಬಿಡಿಸಿದರು. ಅದಕ್ಕೇ ರಾಜಕುಮಾರನಿಗೆ ಓಡುತ್ತ ಥಟ್ಟನೆ ನಿಲ್ಲಲಾಗದು, ಕಾಲು ಜಾರುತ್ತದೆ. ಅಂಚಿಗೆ ಬೆರಳಲ್ಲಿ ಜೋತಾಡುತ್ತಾನೆ. ಆಮೇಲಿನ ಝಗಮಗ ಆಟಗಳಲ್ಲಿ ಈ ಮೈಭಾರ ನನಗೆ ಕಂಡಿಲ್ಲ. ಕೊನೆಯಲ್ಲಿ ಅವನ ನೆರಳೇ ಕತ್ತಿ ಹಿಡಿದು ಬರುತ್ತದಲ್ಲ, ಇರಿದರೆ ತನಗೇ ಪೆಟ್ಟು. ಕತ್ತಿಯನ್ನು ಒರೆಗೆ ಸೇರಿಸಬೇಕು. ಇಂಥ ಯೋಚನೆ ಕತೆಗಾರರಿಗೂ ಅಪರೂಪ.

ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಳೆಯ ಕಂಪ್ಯೂಟರಿನ ವೇಷ ಹಾಕಿ ಇಂಥ ಆಟಗಳನ್ನು ನಡೆಸುತ್ತದೆ. ಹಾಕಿಸಿಕೊಂಡೆ. 60 ನಿಮಿಷದ ಗಡುವು ಶುರುವಾಯಿತು. ಮೊದಲ ಹಳ್ಳಕ್ಕೇ ಬಿದ್ದೆ. ತಮ್ಮನಿದ್ದಿದ್ದರೆ, ‘ಶಿಫ್ಟ್ ಒತ್ತಿ ಹಿಡ್ಕೊಳ್ಳೇ ಅಕ್ಕಾ’ ಎಂದು ರೇಗುತ್ತಿದ್ದ.