ಎಂಟು ಗೆಲುವಿನ ಮರೆಯಲ್ಲಿ

2023ರ ಮಾರ್ಚ್‌ನಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಫೈನಲ್. 2024ರ ಏಪ್ರಿಲ್‌ನಲ್ಲಿ ಹನ್ನೆರಡು ತಂಡಗಳ ಪೈಕಿ ಹತ್ತನೇ ಸ್ಥಾನ. ಬೆಂಗಳೂರು ಎಫ್‌ಸಿ ಒಂದೇ ವರ್ಷದಲ್ಲಿ ಇಷ್ಟು ಜಾರಿದ್ದು ಹೇಗೆ ಎಂದು ಜಯನಗರ ಕಾಂಪ್ಲೆಕ್ಸ್ ಬಳಿ ಕಾಫಿ ಕುಡಿಯುವವರನ್ನು ಕೇಳಿ ನೋಡಿ. ‘ಛೆಟ್ರಿಗೆ ವಯಸ್ಸಾಯ್ತು ಬಿಡಿ ಸಾರ್’ ಅನ್ನುತ್ತಾರೆ. ಕ್ರಿಕೆಟ್ಟೇ ಉಸಿರಾಗಿರುವ ನಮ್ಮ ಕಡೆ ಫುಟ್‌ಬಾಲಿನಲ್ಲಿ ಗೊತ್ತಿರುವುದು ಒಂದೇ ಹೆಸರು, ತಂಡದ ಸ್ಟ್ರೈಕರ್ ಸುನಿಲ್ ಛೆಟ್ರಿ. ತಪ್ಪೂ ಆ ಹೆಸರಿನ ತಲೆಗೇ.

ನನ್ನ ಲೆಕ್ಕ ಬೇರೆ. 2022-23ರಲ್ಲಿ ಕೋಚ್ ಸೈಮನ್ ಗ್ರೇಸನ್ ತಂಡ ಡ್ಯುರಾಂಡ್ ಕಪ್ ಗೆದ್ದ ಹುಮ್ಮಸ್ಸಿನಲ್ಲೇ ಲೀಗಿಗೆ ಬಂದು, ಮೊದಲ 12 ಪಂದ್ಯಗಳಲ್ಲಿ ಎಂಟನ್ನು ಸೋತಿತು. ಕೈಗೆ ಬಂದದ್ದು 10 ಅಂಕ. ಆಮೇಲೆ ಸತತ ಎಂಟು ಗೆಲುವು! ರಕ್ಷಣೆಯಲ್ಲಿ ಯೊವಾನೊವಿಚ್, ಜಿಂಗನ್, ಬ್ರೂನೊ ಮೂವರು. ಬದಿಗಳಲ್ಲಿ ರೋಶನ್, ಪ್ರಬೀರ್ ದಾಸ್. ಮುಂದೆ ರಾಯ್ ಕೃಷ್ಣ, ಶಿವಶಕ್ತಿ. ಆ ಓಟದ ಬಹುಪಾಲು ದಿನ ಛೆಟ್ರಿ ಕೂತಿದ್ದು ಬೆಂಚಿನ ಮೇಲೆ. ಪ್ಲೇಆಫ್‌ನಲ್ಲಿ ಬದಲಿಯಾಗಿ ಇಳಿದು, ಕೇರಳ ಬ್ಲಾಸ್ಟರ್ಸ್ ಗೋಡೆ ಕಟ್ಟುವ ಮೊದಲೇ ಫ್ರೀಕಿಕ್ ಹೊಡೆದ. ಆ ಗೋಲನ್ನು ಒಪ್ಪದೆ ಬ್ಲಾಸ್ಟರ್ಸ್‌ನವರು ಮೈದಾನ ಬಿಟ್ಟೇ ನಡೆದರು. (ಬಿಟಿಎಂ, ಮಡಿವಾಳದ ಮಲಯಾಳಿ ಗೆಳೆಯರ ಮುಂದೆ ಈ ಮಾತು ಎತ್ತದಿರುವುದು ಕ್ಷೇಮ.) ಸೆಮಿಫೈನಲ್‌ನಲ್ಲಿ ಮುಂಬೈ ಸಿಟಿಯನ್ನು ಪೆನಾಲ್ಟಿಯಲ್ಲಿ 9-8ರಿಂದ ದಾಟಿ, ಫಾತೋರ್ಡಾದ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಗಾನ್‌ಗೆ ಪೆನಾಲ್ಟಿಯಲ್ಲೇ ಸೋತರು.

ಅಂಥ ತಂಡವನ್ನು ಬೇಸಿಗೆಯಲ್ಲಿ ಬಿಚ್ಚಿಹಾಕಿದರು. ಜಿಂಗನ್, ವಿಂಗರ್ ಉದಾಂತ ಎಫ್‌ಸಿ ಗೋವಾಕ್ಕೆ; ಪ್ರಬೀರ್ ಕೇರಳ ಬ್ಲಾಸ್ಟರ್ಸ್‌ಗೆ; ಬ್ರೂನೊ ಕೂಡ ಹೊರಟ. ಒಡಿಶಾಕ್ಕೆ ಹೋದ ರಾಯ್ ಕೃಷ್ಣ ಅಲ್ಲಿ ಆ ಋತುವಿನಲ್ಲೇ 13 ಗೋಲು ಹೊಡೆದ. ನನಗೆ ಇವತ್ತಿಗೂ ಜೀರ್ಣವಾಗದ್ದು ಇದೇ. ಸೆಪ್ಟೆಂಬರ್ 21ರಂದು ಕೊಚ್ಚಿಯಲ್ಲಿ ಹೊಸ ಋತುವಿನ ಮೊದಲ ಪಂದ್ಯ ಬ್ಲಾಸ್ಟರ್ಸ್ ಎದುರು 2-1ರಿಂದ ಹೋಯಿತು; ಆಗ ಛೆಟ್ರಿ ಏಷ್ಯನ್ ಗೇಮ್ಸ್‌ಗೆಂದು ಹಾಂಗ್‌ಝೌನಲ್ಲಿದ್ದ. ಡಿಸೆಂಬರ್‌ನಲ್ಲಿ ತವರು ಮೈದಾನ ಕಂಠೀರವದಲ್ಲೇ ಮುಂಬೈ ನಾಲ್ಕು ಗೋಲು ಬಾರಿಸಿದ ಬೆನ್ನಿಗೆ ಗ್ರೇಸನ್ ಜಾಗಕ್ಕೆ ಸ್ಪೇನಿನ ಜೆರಾರ್ಡ್ ಜರಗೋಜಾ ಬಂದರು. ಏಪ್ರಿಲ್‌ನಲ್ಲಿ ಮೋಹನ್ ಬಗಾನ್ ಅದೇ ಅಂಗಳದಲ್ಲಿ ಮತ್ತೆ ನಾಲ್ಕು. ಕೊನೆಗೆ 22 ಪಂದ್ಯ, 22 ಅಂಕ.

ಈಗ ಹೋಲಿಸಿ. ಹಿಂದಿನ ಸಲದ ಮೊದಲ 12 ಪಂದ್ಯಕ್ಕೆ 10 ಅಂಕ, ಈ ಸಲ ಪಂದ್ಯಕ್ಕೊಂದು. ‘ಕುಸಿದ’ ತಂಡವೇ ಒಂದು ಕೂದಲೆಳೆ ವಾಸಿ! ರೋಗ ಮೊದಲೇ ಇತ್ತು, ಎಂಟು ಗೆಲುವು ಅದನ್ನು ಮುಚ್ಚಿತ್ತು. ಆ ಗೆಲುವನ್ನು ತಂದವರನ್ನೇ ಕಳಿಸಿದ ಮೇಲೆ ಉಳಿದದ್ದು ರೋಗ.

2024-25ರಲ್ಲಿ ಜರಗೋಜಾ ತಂಡ ಮೂರನೇ ಸ್ಥಾನಕ್ಕೇರಿ ಮತ್ತೆ ಫೈನಲ್ ಮುಟ್ಟಿತು. ಮೋಹನ್ ಬಗಾನ್‌ಗೆ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತಿತು. ವಯಸ್ಸಾಯ್ತು ಎನ್ನಿಸಿಕೊಂಡ ಛೆಟ್ರಿ ನಲವತ್ತರಲ್ಲಿ ಹೊಡೆದದ್ದು 14 ಗೋಲು. ಆ ಋತುವಿನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಅವನದೇ. ಕಾಫಿ ಗೆಳೆಯರ ಬಾಯಿ ಮುಚ್ಚಿತೆಂದು ನನಗೆ ಖುಷಿಯಾಗಬೇಕಿತ್ತು. ಆದರೆ ನಲವತ್ತರ ಆಟಗಾರನೇ ಗೋಲು ಹೊಡೆಯಬೇಕಾದ ತಂಡದ ಮುಂದಿನ ಸ್ಟ್ರೈಕರ್ ಯಾರು?