ಕೊಡಗಿನ ಶಾಸನಗಳೂ ಬಣ್ಣದ ಚಾರ್ಟ್‌ಗಳೂ: ಒಂದು ತಕರಾರು

ಶಾಸನಾಸಕ್ತರ ಗುಂಪುಗಳಲ್ಲಿ ಈಚೆಗೆ ಹೊಸ ರೂಢಿಯೊಂದು ಬಂದಿದೆ. ಶಾಸನದ ಪಾಠದ ಬದಲು ಬಣ್ಣದ ಚಾರ್ಟ್ ಹಾಕುತ್ತಾರೆ. ಯಾವ ಶತಮಾನದಲ್ಲಿ ಎಷ್ಟು, ಯಾವ ರಾಜವಂಶದ್ದು ಶೇಕಡಾ ಎಷ್ಟು, ಯಾವ ತಾಲ್ಲೂಕಿನಲ್ಲಿ ಎಷ್ಟು. ನೋಡೋಕೆ ಚೆನ್ನಾಗಿರುತ್ತೆ, ಹಂಚೋಕೂ ಸುಲಭ. ಎಣಿಸುವುದು ತಪ್ಪು ಅಂತ ನಾನು ಹೇಳ್ತಿಲ್ಲ. ನೂರಾರು ಶಾಸನಗಳನ್ನು ಒಟ್ಟಿಗೆ ನೋಡಬೇಕಾದರೆ ಎಣಿಸಲೇಬೇಕು. ನನ್ನ ತಕರಾರು ಬೇರೆ. ಯಾವ ಬಗೆಯ ಚಾರ್ಟ್ ಅಂತ ಆರಿಸುವಾಗಲೇ ನಾವು ಅರ್ಧ ಇತಿಹಾಸ ಹೇಳಿಬಿಟ್ಟಿರುತ್ತೇವೆ. ಕೊಡಗಿನ ಕೆಲವೇ ಶಾಸನಗಳನ್ನು ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ.

ಮೊದಲು ಶತಮಾನವಾರು ಬಾರ್ ಚಾರ್ಟ್. ಇದರಲ್ಲಿ ಪ್ರತಿ ಶಾಸನವೂ ಯಾವುದಾದರೂ ಒಂದು ಕಂಬದೊಳಗೆ ಕೂರಲೇಬೇಕು. ಹಾಗಾದರೆ ಮಡಿಕೇರಿ ತಾಮ್ರಪಟಗಳನ್ನು ಎಲ್ಲಿ ಕೂರಿಸ್ತೀರಿ? ಗಂಗರ ಅವಿನೀತನ ಹೆಸರಿರುವ ಈ ಪಟಗಳಲ್ಲಿ 388ನೇ ವರ್ಷ ಎಂದಿದೆ, ಯಾವ ಶಕೆ ಎಂದು ಹೇಳಿಲ್ಲ. ಶಕವರ್ಷ ಎಂದುಕೊಂಡರೆ ಕ್ರಿ.ಶ. 466, ಲೂಯಿಸ್ ರೈಸ್ ಹಾಗೇ ತೆಗೆದುಕೊಂಡರು. ಆದರೆ ಅಕ್ಷರಗಳು ಅಷ್ಟು ಹಳೆಯವಾಗಿ ಕಾಣುವುದಿಲ್ಲ. ಜೊತೆಗೆ ರಾಷ್ಟ್ರಕೂಟರ ಬಿರುದಾದ 'ಅಕಾಲವರ್ಷ' ಎಂಬ ಹೆಸರೂ ಅದರಲ್ಲಿದೆ. ಫ್ಲೀಟ್ ಇದನ್ನು ಕೂಟಶಾಸನ ಎಂದರು. 9-10ನೇ ಶತಮಾನದ ಬರಹ ಎನ್ನುವವರೇ ಹೆಚ್ಚು. ಐದನೇ ಶತಮಾನದ ಕಂಬಕ್ಕೆ ಸೇರಿಸಿದರೆ ಕೊಡಗಿನ ಬರಹದ ಇತಿಹಾಸ ಒಮ್ಮೆಲೇ ನಾನೂರು ವರ್ಷ ಹಿಂದಕ್ಕೆ ಹೋಗುತ್ತೆ. ಬಾರ್ ಚಾರ್ಟಿಗೆ 'ಅನುಮಾನ' ಎಂಬ ಬಣ್ಣವೇ ಗೊತ್ತಿಲ್ಲ. ಇಂಥ ಕಡೆ ಕಾಲರೇಖೆ ಹಾಕಿ, ಖಚಿತ ತೇದಿಯಿರುವ ಶಾಸನಕ್ಕೆ ತುಂಬಿದ ಚುಕ್ಕಿ, ಚರ್ಚೆಯಲ್ಲಿರುವುದಕ್ಕೆ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದರೆ ಸಾಕು.

ಲೈನ್ ಗ್ರಾಫ್ ಇನ್ನೂ ಅಪಾಯ. ಬಿಳಿಯೂರಿನ ಶಾಸನ ಶಕ 809ರ ಫಾಲ್ಗುಣದ್ದು, ಪೆಗ್ಗೂರಿನದು ಶಕ 899ರ ಫಾಲ್ಗುಣದ್ದು. 78 ಕೂಡಿಸಿ 887, 977 ಅಂತ ಬರೆಯುವವರಿದ್ದಾರೆ. ಫಾಲ್ಗುಣ ವರ್ಷದ ಕೊನೆಯ ತಿಂಗಳಾದ್ದರಿಂದ 888, 978 ಎಂದಾಗಬೇಕು. ಅದು ಸಣ್ಣ ತಪ್ಪು. ಈ ಎರಡು ಚುಕ್ಕಿಗಳ ನಡುವೆ ಗೆರೆ ಎಳೆಯುವುದು ದೊಡ್ಡ ತಪ್ಪು. ತಾಪಮಾನವನ್ನೋ ಕಾಫಿ ಬೆಲೆಯನ್ನೋ ತೋರಿಸಲು ಲೈನ್ ಗ್ರಾಫ್ ಸರಿ, ಯಾಕೆಂದರೆ ಎರಡು ಅಳತೆಗಳ ನಡುವೆಯೂ ಅಲ್ಲಿ ಏನೋ ಒಂದು ಬೆಲೆ ಇದ್ದೇ ಇರುತ್ತೆ. ಎರಡು ಕಲ್ಲುಗಳ ನಡುವೆ ಇರುವುದು ತೊಂಬತ್ತು ವರ್ಷಗಳ ಮೌನ. ಗೆರೆ ಆ ಮೌನವನ್ನು ಮುಚ್ಚಿಬಿಡುತ್ತೆ.

ಪೈ ಚಾರ್ಟಿಗೆ ಎರಡು ಷರತ್ತು: ಇಡೀ ರೊಟ್ಟಿ ಎಷ್ಟು ದೊಡ್ಡದು ಎಂದು ಗೊತ್ತಿರಬೇಕು, ಒಂದು ತುಂಡು ಒಂದೇ ತಟ್ಟೆಗೆ ಸೇರಬೇಕು. ಶಾಸನಗಳಲ್ಲಿ ಎರಡೂ ಇಲ್ಲ. ನಮ್ಮ ಕೈಯಲ್ಲಿರುವುದು ಉಳಿದ, ಅದರಲ್ಲೂ ಸಿಕ್ಕಿದ ಕಲ್ಲುಗಳು ಮಾತ್ರ. ಇನ್ನು ತಟ್ಟೆಯ ವಿಷಯ. ಪಣಸೋಗೆಯ ಯುದ್ಧದಲ್ಲಿ ಪರಾಕ್ರಮ ತೋರಿದ ಮನಿಜನಿಗೆ ರಾಜರಾಜ ಚೋಳ 'ಕ್ಷತ್ರಿಯ ಶಿಖಾಮಣಿ ಕೊಂಗಾಳ್ವ' ಎಂಬ ಬಿರುದನ್ನೂ ಮಾಲಂಬಿಯನ್ನೂ ಕೊಡಿಸಿದ್ದನ್ನು ಹೇಳುವ ಶಾಸನ ಚೋಳರದೋ, ಕೊಂಗಾಳ್ವರದೋ? ಮುಳ್ಳೂರಿನ ಬಸದಿಯ ಶಾಸನಗಳಲ್ಲಿ ಬರುವ ಕೊಂಗಾಳ್ವ ಅರಸರ ಹೆಸರುಗಳೂ ರಾಜೇಂದ್ರ, ರಾಜಾಧಿರಾಜ ಎಂದೇ ಇವೆ. ಚೋಳರ ಅಧೀನತೆಯನ್ನು ಹೆಸರಿನಲ್ಲೇ ಹೊತ್ತವರು ಇವರು. ಪೈ ಚಾರ್ಟ್ ಆ ಸಂಬಂಧವನ್ನೇ ಕತ್ತರಿಸಿ ಎರಡು ಬಣ್ಣ ಬಳಿಯುತ್ತೆ. ರಾಜವಂಶ ಒಂದು ಕಡೆ, ಅಧಿರಾಜ ಇನ್ನೊಂದು ಕಡೆ ಇರುವ ಸರಳ ಕೋಷ್ಟಕವೇ ಇಲ್ಲಿ ಮೇಲು.

ಇನ್ನು ತಾಲ್ಲೂಕುವಾರು ಲೆಕ್ಕ. ಇದರಲ್ಲೇ ಜಗಳ ಹುಟ್ಟೋದು. ಕೊಂಗಾಳ್ವರ ಶಾಸನಗಳಿಂದ ಸೋಮವಾರಪೇಟೆಯ ಕಂಬ ಎತ್ತರ, ದಕ್ಷಿಣದ್ದು ಗಿಡ್ಡ. 'ದಕ್ಷಿಣದಲ್ಲಿ ಆಗ ಏನಿತ್ತು?' ಎಂಬ ಮಾತು ಕೂಡಲೇ ಬರುತ್ತೆ. ಆದರೆ ಖಚಿತ ತೇದಿಯ ಹಳೆಯ ಶಾಸನಗಳಾದ ಬಿಳಿಯೂರು, ಪೆಗ್ಗೂರು ಎರಡೂ ದಕ್ಷಿಣದ ಕಿಗ್ಗಟ್ಟುನಾಡಿನವು. ಕಂಬದ ಎತ್ತರ ಅದನ್ನು ಹೇಳೋದಿಲ್ಲ. ತಾಲ್ಲೂಕುಗಳೂ ನಿಂತಲ್ಲಿ ನಿಂತಿಲ್ಲ. ರೈಸ್ ಕಾಲದಲ್ಲಿ ಕಿಗ್ಗಟ್ಟುನಾಡು, ಎಡೆನಾಲ್ಕುನಾಡು ಮುಂತಾದವು. ಆಮೇಲೆ ಮೂರು ತಾಲ್ಲೂಕು. ಈಗ ಕುಶಾಲನಗರ, ಪೊನ್ನಂಪೇಟೆ ಸೇರಿ ಐದು. ಹಳೆಯ ಪಟ್ಟಿಯನ್ನು ಹೊಸ ಗಡಿಗೆ ಸುರಿದರೆ ಯಾರೂ ಕೆತ್ತದ ಏರಿಳಿತ ಕಾಣುತ್ತೆ. ಅದಕ್ಕೆ ಊರುವಾರು ಭೂಪಟ ವಾಸಿ. ಆದರೆ ಅಲ್ಲೂ ಎಚ್ಚರ ಬೇಕು: ಮಡಿಕೇರಿ ತಾಮ್ರಪಟ ದಾನ ಕೊಟ್ಟ ಬದಣೆಗುಪ್ಪೆ ಚಾಮರಾಜನಗರದ ಕಡೆಯ ಊರು. ಮಡಿಕೇರಿಯ ಮೇಲೆ ಚುಕ್ಕಿ ಇಟ್ಟರೆ ಪಟಗಳು ಸಿಕ್ಕ ಜಾಗ ತಿಳಿಯುತ್ತೆ, ಕೊಟ್ಟ ನೆಲ ತಿಳಿಯೋದಿಲ್ಲ.

ಹಾಗೇ ಯಾವ ಸಂಪುಟದಿಂದ ಎಣಿಸಿದಿರಿ ಅಂತ ಚಾರ್ಟಿನ ಕೆಳಗೆ ಬರೆಯಲೇಬೇಕು. ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟವೇ ಕೊಡಗಿನದು: 1886ರದು ಒಂದು, 1914ರ ಪರಿಷ್ಕೃತ ಮುದ್ರಣ ಒಂದು, ಮೈಸೂರು ವಿಶ್ವವಿದ್ಯಾನಿಲಯದ 1972ರದು ಇನ್ನೊಂದು. ಸಂಪುಟ ಬದಲಾದರೆ ಕಂಬದ ಎತ್ತರವೂ ಬದಲಾಗುತ್ತೆ. ಅದು ಹುಡುಕಿದವರ ಶ್ರಮದ ಲೆಕ್ಕವೇ ಹೊರತು ಕೆತ್ತಿಸಿದವರ ಲೆಕ್ಕ ಅಲ್ಲ.

ಇಷ್ಟು ಹಟ ಯಾಕೆ ಅಂದರೆ, ಕೊಡಗಿನ ನೆನಪು ಹೆಚ್ಚಾಗಿ ಉಳಿದಿರುವುದು ಐನ್‌ಮನೆಗಳಲ್ಲಿ, ದೇವಕಾಡುಗಳಲ್ಲಿ, ಹಾಡಿನಲ್ಲಿ. ಕಲ್ಲು ಅದರ ಒಂದು ಪಾಲು ಅಷ್ಟೆ. ಗಿಡ್ಡ ಕಂಬ ತೋರಿಸಿ ಒಂದು ನಾಡಿಗೆ ಚರಿತ್ರೆ ಇರಲಿಲ್ಲ ಅನ್ನುವುದು, ಎತ್ತರದ ಕಂಬ ತೋರಿಸಿ ನಾಡೆಲ್ಲ ನಮ್ಮದೇ ಅನ್ನುವುದು, ಎರಡೂ ಒಂದೇ ತಪ್ಪು. ಮುಂದಿನ ಸಲ ಚಾರ್ಟ್ ಹಂಚುವ ಮುನ್ನ ಅದರಲ್ಲಿರುವ ಒಂದೇ ಒಂದು ಶಾಸನದ ಪಾಠವನ್ನಾದರೂ ಪೂರ್ತಿ ಓದಿ. ಅದು ಯಾವ ಕಂಬದಲ್ಲಿ ಕೂರುತ್ತೆ ಅಂತ ಆಮೇಲೆ ಹೇಳಿ.